ಎಡಹುಬ್ಬಿನ ಗಾಯ

ಜೂನ್ 10, ಮಂಗಳವಾರ

ಮತ್ತೆ ಎಫ್, ಡಿ, ಎಸ್. ಜೆ, ಕೆ, ಎಲ್. ಬ್ರೈಲ್‌ನ ಆರು ಚುಕ್ಕಿಗೆ ಈ ಲ್ಯಾಪ್‌ಟಾಪ್ ಕೀಬೋರ್ಡಿನ ಆರು ಕೀ. ಬೇಕಾದಷ್ಟನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ, ಸಾಫ್ಟ್‌ವೇರ್ ತಕ್ಷಣ ಕಿವಿಯಲ್ಲಿ ಹೇಳುತ್ತದೆ. ಒತ್ತುವುದು ಸಲೀಸು — ಯಶವಂತಪುರದ ಪ್ರೆಸ್ಸಿನಲ್ಲಿ ಡಿಟಿಪಿ ಮಾಡಿದ ಕೈ. ಓದುವುದೇ ಆಗುತ್ತಿಲ್ಲ. ಬೆರಳಿಗೆ ಎಲ್ಲ ಸಾಲೂ ರವೆ ಚೆಲ್ಲಿದ ಹಾಗೆ.

ಬ್ರೈಲ್ ಕ್ಲಾಸಿನ ಟೀಚರ್ ರುಮಾನಾಗೆ ಹುಟ್ಟಿನಿಂದ ಕಣ್ಣಿಲ್ಲ. "ಮೇಡಂ, ನೀವ್ ಇನ್ನೂ ನೋಡೋಕ್ ಟ್ರೈ ಮಾಡ್ತಿದೀರ. ಬಿಟ್ಬಿಡಿ" ಎಂದರು. ಬಿಡುವುದು ಸುಲಭವೇ? ಕಣ್ಣು ಹೋಗಿ ಎರಡೇ ವರ್ಷ.

ಆರ್.ಟಿ. ನಗರದ ಕ್ಲಾಸಿನಿಂದ ಇವರೇ ಮನೆಗೆ ಕರೆತಂದರು. ಇಲ್ಲಾದರೆ ಗಂಡನ ಹೆಸರು ಬರೆಯಬಹುದು — ಶಿವಪ್ರಕಾಶ. ಯಾರು ಓದುತ್ತಾರೆ? ಯಲಹಂಕದವರೆಗೂ ಸ್ಕೂಟರಿನಲ್ಲಿ ಒಂದು ಮಾತಿಲ್ಲ. "ಹಂಪ್" ಎಂದದ್ದು ಬಿಟ್ಟರೆ.

ಜೂನ್ 15, ಭಾನುವಾರ

ಎದುರುಮನೆ ಗೋಪಾಲಮ್ಮ ಬಂದಿದ್ದರು. ನನ್ನ ಪಕ್ಕದಲ್ಲೇ ಕೂತು ಇವರನ್ನು ಕೇಳುತ್ತಾರೆ, "ಎಂಗವ್ಳಪ್ಪಾ ಸರಳಾ? ಊಟ ಗೀಟ ಮಾಡ್ತಾಳಾ?"

ನಾನೇನು ರಿಪೇರಿಗೆ ಬಂದ ಫ್ರಿಜ್ಜೇ? "ಹೋಗಿರೋದು ಕಣ್ಣು ಗೋಪಾಲಮ್ಮ, ಬಾಯಿ ಹಂಗೇ ಐತೆ" ಎಂದೆ. ಅವರು ನಕ್ಕರು. ಇವರು ನಕ್ಕರೋ ಇಲ್ಲವೋ. ಶಬ್ದ ಮಾಡಿ ನಗುವವರಲ್ಲ. ಮೊದಲಾದರೆ ಮುಖ ನೋಡಿದರೆ ಸಾಕಿತ್ತು. ಇಷ್ಟು ವರ್ಷದ ಸಂಸಾರ ನಡೆದದ್ದೇ ಹಾಗೆ — ಹುಬ್ಬಿನಲ್ಲಿ ಹೌದು, ತುಟಿಯಲ್ಲಿ ಬೇಡ. ಮಾತು ಬೇಕಾಗಿರಲಿಲ್ಲ. ಈಗ ಮನೆಯಲ್ಲಿದ್ದಾರೋ ಇಲ್ಲವೋ, ಚಪ್ಪಲಿ ಶಬ್ದದಿಂದ ತಿಳಿಯಬೇಕು.

ಜೂನ್ 27, ಶುಕ್ರವಾರ

ಬರೆಯಲು ಭಯ. ಬೆಳಿಗ್ಗೆ ಕಾಫಿ ಕೊಟ್ಟರು. ಲೋಟ ತೆಗೆದುಕೊಂಡೆ, ಇವರ ಮುಖ ನೆನಪಿಗೆ ಬರಲಿಲ್ಲ. ಮೂಗು ಬಂತು, ಕಣ್ಣು ಬರಲಿಲ್ಲ. ಮದುವೆ ಫೋಟೋದ ಮುಖ ಬರುತ್ತದೆ... ಅದು ಪೌಡರ್ ಬಳಿದುಕೊಂಡ ಯಾರೋ ಹುಡುಗ.

ಕ್ಲಾಸಿನಲ್ಲಿ ರುಮಾನಾ, "ನಿಮಗ್ ಚೆನ್ನಾಗ್ ಗೊತ್ತಿರೋದನ್ನ ಒಂದ್ ಪೇಜ್ ಟೈಪ್ ಮಾಡಿ. ಬೆರಳಿಗೆ ಬೇಗ ಸಿಗುತ್ತೆ" ಎಂದರು. ಮಾಡಿದೆ. ಎಡಹುಬ್ಬಿನ ಮೇಲೆ ಗಾಯ, ಇವರು ಕೆಲಸ ಮಾಡುವ ಹೆಬ್ಬಾಳದ ವೆಟರ್ನರಿ ಕಾಲೇಜಿನ ಕೊಟ್ಟಿಗೆಯಲ್ಲಿ ಹೋರಿ ಗುದ್ದಿದ್ದು. ಸುಳ್ಳು ಹೇಳುವಾಗ ಒಳಗೆ ಹೋಗುವ ಕೆಳತುಟಿ. ಬಲಗಿವಿಯ ಕೂದಲು. ಪೂರ್ತಿ ಮರೆಯುವ ಮೊದಲು ಎಲ್ಲ ಬರೆದೆ. ಬ್ರೈಲ್ ಪ್ರಿಂಟರಿನಲ್ಲಿ ಉಬ್ಬುಚುಕ್ಕಿಯ ಹಾಳೆಯಾಗಿ ತೆಗೆದುಕೊಟ್ಟರು.

ಕಂಪ್ಯೂಟರ್ ಓದಿ ಹೇಳುತ್ತದೆ, ನಿಜ. ಅದಕ್ಕೆ ಇವರ ಹುಬ್ಬೂ ಒಂದೇ, ಬ್ಯಾಟರಿ ಇಪ್ಪತ್ತು ಪರ್ಸೆಂಟೂ ಒಂದೇ. ನನಗೆ ಬೆರಳಿಗೇ ಸಿಗಬೇಕು. ಮುಖವನ್ನೇ ಮುಟ್ಟಬಹುದಲ್ಲ? ಎರಡು ವರ್ಷದಿಂದ ಇವರು ಕೈ ಹಿಡಿಯುವುದು ರಸ್ತೆ ದಾಟಿಸಲು ಮಾತ್ರ. ಕೇಳಲು ನಾಚಿಕೆ.

ಜುಲೈ 8, ಮಂಗಳವಾರ

ಗಾಯ ಸಿಕ್ಕಿತು! ಹಾಳೆಯ ಎರಡನೇ ಸಾಲು, ಗ — ಆ — ಯ. ಬೆರಳಿನ ಕೆಳಗೆ ಎದ್ದು ಬಂತು. ಒಬ್ಬಳೇ ಅತ್ತೆ, ಒಬ್ಬಳೇ ಕಣ್ಣೊರೆಸಿಕೊಂಡೆ. ಯಾರಿಗೆ ಹೇಳಲಿ?

ದಿನವೂ ಅಡುಗೆಮನೆಯಲ್ಲೇ ಓದು. ಸಂಜೆ ಇವರು ಹಿಂದೆ ಬಂದು ನಿಂತರು. ಕೊಟ್ಟಿಗೆಯ ಹಿಂಡಿ ವಾಸನೆಯಿಂದ ಗೊತ್ತಾಯಿತು. ಏನು ಓದುತ್ತೀಯ ಎಂದು ಕೇಳುತ್ತಾರೆಂದು ಕಾದೆ.

"ಪೇಪರ್ ಮೇಲೆ ಸಾರ್ ಬಿದ್ದೈತೆ ನೋಡು."

ಅಷ್ಟೇ.

ಜುಲೈ 12, ಶನಿವಾರ

ಬೆಳಿಗ್ಗೆಯಿಂದ ಹಾಳೆ ಇಲ್ಲ. ಷೆಲ್ಫ್, ಮೇಜು, ಮಂಚದ ಕೆಳಗೆ — ಎಲ್ಲ ತಡಕಿದೆ.

ಸಂಜೆ ಇವರು ಬಂದು ಕೈಗೆ ಏನೋ ಇಟ್ಟರು. ಗಟ್ಟಿ, ನುಣುಪು, ಇನ್ನೂ ಬೆಚ್ಚಗೆ.

"ಲ್ಯಾಮಿನೇಷನ್ ಮಾಡಿಸ್ದೆ ಕಣೆ. ಇನ್ಮೇಲೆ ಸಾರ್ ಬಿದ್ರೂ ಏನಾಗಲ್ಲ. ಒರೆಸ್ಕೊಂಡ್ರಾಯ್ತು."

ಸವರಿದೆ. ಮತ್ತೆ ಸವರಿದೆ. ಒಂದು ಚುಕ್ಕಿಯೂ ಇಲ್ಲ. ಬಿಸಿ ರೋಲರಿನಡಿ ಎಲ್ಲ ಚಪ್ಪಟೆ. ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ದೇವರ ಫೋಟೋ, ಮುಖ್ಯ ಎನಿಸಿದ್ದನ್ನೆಲ್ಲ ಲ್ಯಾಮಿನೇಷನ್ ಮಾಡಿಸುವ ಮನುಷ್ಯ. ಅಂದರೆ ಇದೂ ಮುಖ್ಯ ಎನಿಸಿದೆ. ಅದು ಹೊಳೆಯುವ ಮೊದಲೇ ಕಿರುಚಿಬಿಟ್ಟಿದ್ದೆ.

"ಒಂದ್ಸಲನಾದ್ರೂ ಅದನ್ನ ಮುಟ್ಟಿ ನೋಡಿದ್ರಾ? ಚುಕ್ಕಿ ಉಬ್ಬಿದ್ರೆ ತಾನೆ ನಂಗೆ ಅಕ್ಷರ!"

ಆಗ ಇವರ ಮುಖ ಹೇಗಿತ್ತು? ಚಪ್ಪಲಿ ಶಬ್ದ. ಗೇಟು.

ಜುಲೈ 13, ಭಾನುವಾರ

ಫೈಲ್ ಇದೆ, ಮಂಗಳವಾರ ಇನ್ನೊಂದು ಪ್ರತಿ ತೆಗೆಸಬಹುದು. ಹಾಳೆಯದು ದೊಡ್ಡ ವಿಷಯವಲ್ಲ. ಮನೆಯಲ್ಲಿ ಇಬ್ಬರಿದ್ದೂ ಇಷ್ಟು ಒಂಟಿಯಾಗಿರುವುದು —

ಕುರ್ಚಿ ಎಳೆದ ಶಬ್ದ. ಪಕ್ಕದಲ್ಲಿ ಬಂದು ಕೂತರು. ಆಮೇಲೆ, "ಅದ್ರಲ್ಲಿ ಏನ್ ಬರೆದಿದ್ದೆ ಸರಳಾ?"

ಕೇಳಿದರು! ಬಾಯಲ್ಲಿ ಹೇಳಲಾಗಲಿಲ್ಲ. ಇಯರ್‌ಫೋನ್ ಕಿತ್ತೆ. ಈಗ ನಾನು ಬರೆಯುವ ಒಂದೊಂದು ಪದವನ್ನೂ ಲ್ಯಾಪ್‌ಟಾಪ್ ಗಟ್ಟಿಯಾಗಿ ಓದುತ್ತಿದೆ. ಇವರಿಗೂ ಕೇಳುತ್ತಿದೆ. ಈ ಸಾಲೂ.

ಕೇಳಿಸಿಕೊಳ್ಳಿ ರೀ. ನಿಮ್ಮ ಮುಖ ನನಗೆ ಮರೆತುಹೋಗುತ್ತಿದೆ. ಅದನ್ನೇ ಬರೆದಿಟ್ಟುಕೊಂಡಿದ್ದೆ. ಎಡಹುಬ್ಬಿನ ಮೇಲೆ ಗಾಯ. ಕೆಳತುಟಿ...

ಬಲಗೈ ಹಿಡಿದರು. ಎಡಗೈಯೊಂದನ್ನೇ ಆರೂ ಕೀಗೆ ಚಾಚಿ ಟೈಪ್ ಮಾಡುತ್ತಿದ್ದೇನೆ. ಬೆರಳನ್ನು ಎಲ್ಲಿಗೋ ಒಯ್ಯುತ್ತಿದ್ದಾರೆ. ಗದ್ದ... ಶೇವ್ ಮಾಡಿಲ್ಲ. ಕೆನ್ನೆ. ಇನ್ನೂ ಮೇಲೆ —