ಅತ್ತೆಯ ಕಾಲಿಗೊಂದು ಹೀಟರ್

ಡಿಸೆಂಬರ್ 9, ಸಂಜೆ

ಅಂಗಡಿಯಲ್ಲಿ ದಿನವಿಡೀ ಕನ್ನಡಕಗಳಿಗೆ ಕಾಲು ಕೂಡಿಸಿದ್ದೇ ಆಯಿತು. ಮನೆಗೆ ಬಂದರೆ ಅತ್ತೆಯ ಕಾಲು. ಹಳೇ ಇಸ್ತ್ರಿ ಪೆಟ್ಟಿಗೆಯ ತಳ ಬಿಚ್ಚಿ, ಮರದ ಚೌಕಟ್ಟಿಗೆ ಕೂರಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿದೆ. ಕಾಲು ಕಾಯಿಸುವ ಹೀಟರ್ ರೆಡಿ! ಆದರೆ ಥರ್ಮೋಸ್ಟಾಟ್ ಪದೇಪದೇ ಟಿಕ್ ಎಂದು ಕರೆಂಟ್ ನಿಲ್ಲಿಸುತ್ತಿತ್ತು.

"ಬಿಸಿ ಹತ್ತೋದ್ರೊಳಗೆ ಆರಿಹೋಗುತ್ತಲ್ಲಪ್ಪಾ" ಎಂದರು ಅತ್ತೆ.

ಥರ್ಮೋಸ್ಟಾಟನ್ನೇ ಕಿತ್ತು, ತಂತಿ ನೇರ ಕೂಡಿಸಿದೆ. ಈಗ ನಿಲ್ಲುವುದೇ ಇಲ್ಲ.

ಹೆಂಡತಿಗೆ ಸಮಾಧಾನವಿಲ್ಲ. "ಅಮ್ಮನಿಗೆ ಶುಗರ್. ಪಾದ ಮರಗಟ್ಟಿದೆ. ಸುಟ್ರೂ ಗೊತ್ತಾಗಲ್ಲ ಅಂತ ಡಾಕ್ಟರ್ ಹೇಳಿಲ್ವಾ?"

"ಎಲ್ಲದಕ್ಕೂ ಅಪಶಕುನ ನುಡೀಬೇಡ" ಎಂದೆ.

ಡಿಸೆಂಬರ್ 13

ಅತ್ತೆ ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದ್ದಾರೆ. ಬಂದವರಿಗೆಲ್ಲ ಚೌಕಟ್ಟು ತೋರಿಸುತ್ತಾರೆ— "ನಮ್ಮ ಅಳಿಯ ಕೈ ಇಟ್ಟರೆ ಕಲ್ಲೂ ಕೆಲಸ ಮಾಡುತ್ತೆ!" ಎದುರುಮನೆಯ ಟೈಲರಮ್ಮ ತನ್ನ ಹಾಳಾದ ಇಸ್ತ್ರಿ ಪೆಟ್ಟಿಗೆ ತಂದು ಕೈಗಿಟ್ಟರು. ಮಿಷನ್ನಿನ ತಣ್ಣನೆ ಕಬ್ಬಿಣ ತುಳಿದು ತುಳಿದು ಕಾಲು ಮಂಜುಗಡ್ಡೆಯಂತೆ. ಅವರಿಗೂ ಮಾಡಿಕೊಟ್ಟೆ. ಹಾಗೇ. ಥರ್ಮೋಸ್ಟಾಟ್ ಇಲ್ಲದೆ.

ಬಹಳ ಖುಷಿಯಾಯಿತು. ಬರೆಯುವುದಕ್ಕೂ ನಾಚಿಕೆ.

ಡಿಸೆಂಬರ್ 20

ನನಗೆ ರಜೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನ ಅತ್ತೆ ಕೋಣೆಯಿಂದ ಕೂಗಿದರು—

"ಏನೋ ಸುಟ್ಟ ವಾಸನೆ. ಒಲೆ ಮೇಲೆ ಏನಾದ್ರೂ ಮರೆತ್ಯಾ?"

ಅಡುಗೆಮನೆ ನೋಡಿದೆ. ಏನಿಲ್ಲ. ಕೋಣೆಗೆ ಹೋದೆ. ಬಟ್ಟೆ ಕರಕಲಾಗಿ ಹೊಗೆಯಾಡುತ್ತಿತ್ತು. ಅದರ ಮೇಲೆ ಅತ್ತೆಯ ಹಿಮ್ಮಡಿ. ಅವರು ರೇಡಿಯೋ ಕೇಳುತ್ತ ಕೂತಿದ್ದಾರೆ, ಮುಖದಲ್ಲಿ ನೋವಿನ ಸುಳಿವೇ ಇಲ್ಲ… ಪ್ಲಗ್ ಕಿತ್ತೆ. ಕಾಲೆತ್ತಿದಾಗ ಚರ್ಮ ಬಟ್ಟೆಗೆ ಅಂಟಿ ಬಂತು.

ಆಗಲೂ ಅವರು ನನ್ನ ಮುಖವನ್ನೇ ನೋಡಿದರು. "ಅದನ್ನ ಮಂಚದ ಕೆಳಗೆ ತಳ್ಳು. ಅವಳು ಬರೋದ್ರೊಳಗೆ."

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಕೇಳಿದ್ದಕ್ಕೆ ಅತ್ತೆಯದೇ ಉತ್ತರ: "ಬಿಸಿನೀರಿನ ಬ್ಯಾಗ್ ಸೋರಿತು." ಡಾಕ್ಟರ್ ಗಾಯದ ನೇರ ಅಂಚನ್ನು ನೋಡಿದರು. ನನ್ನನ್ನು ನೋಡಿದರು. ನಾನು ಫೀಸ್ ಎಣಿಸತೊಡಗಿದೆ.

ಡಿಸೆಂಬರ್ 21

ಹೀಟರ್ ಬೇಡವೆಂದು ಆ ಬ್ಯಾಗಿಗೆ ನಿನ್ನೆ ಬೆಳಿಗ್ಗೆ ನೀರು ತುಂಬಿ ಕೊಟ್ಟಿದ್ದವಳು ಹೆಂಡತಿ. ನನಗೆ ಹೊಳೆದೇ ಇರಲಿಲ್ಲ. ಅಮ್ಮನ ಮುಂದೆ ಕೂತು ಅತ್ತಳು— "ಮುಚ್ಚಳ ಸರಿಯಾಗಿ ತಿರುಗಿಸಿಲ್ಲಮ್ಮಾ ನಾನು. ಕೆಲಸಕ್ಕೆ ಲೇಟಾಗ್ತಿತ್ತು." ಅತ್ತೆ ಅವಳ ತಲೆ ಸವರಿದರು. ನಾನು ಬ್ಯಾಂಡೇಜ್ ಹಿಡಿದುಕೊಂಡು ನಿಂತಿದ್ದೆ.

ಜನವರಿ 2

ಗಾಯ ಮಾಯುತ್ತಿಲ್ಲ. ಶುಗರ್ ಕಾಲು. ಕೀವು ಏರಿದರೆ ಬೆರಳೋ, ಪಾದವೋ… ಡಾಕ್ಟರ್ ಮಾತು ಪೂರ್ತಿ ಮಾಡಲಿಲ್ಲ.

ಎದುರುಮನೆಯಲ್ಲಿ ಇನ್ನೊಂದು ಹೀಟರ್ ಉರಿಯುತ್ತಿದೆ. ಬಟ್ಟೆ ರಾಶಿಯ ನಡುವೆ. ಇಷ್ಟು ದಿನ ಏನು ಮಾಡುತ್ತಿದ್ದೆ ನಾನು?

ಹೋದೆ. "ಸ್ವಲ್ಪ ರಿಪೇರಿ ಇದೆ, ಕೊಡಿ" ಎಂದೆ.

"ಚೆನ್ನಾಗೇ ಇದ್ಯಲ್ಲ! ಚಳಿ ಮುಗೀಲಿ, ಕೊಡ್ತೀನಿ." ಟೈಲರಮ್ಮ ನಕ್ಕು ಮಿಷನ್ ತುಳಿದರು.

ಸುಮ್ಮನೆ ವಾಪಸ್ ಬಂದೆ. ಹೇಡಿ.

ಜನವರಿ 3, ಸಂಜೆ

ಮತ್ತೆ ಹೋದೆ. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ— "ಅತ್ತೆಯ ಕಾಲು ಸುಟ್ಟಿದ್ದು ಬಿಸಿನೀರಿಂದ ಅಲ್ಲ. ನಾನು ಮಾಡಿದ ಹೀಟರಿಂದ. ನಿಮ್ಮದೂ ಅಂಥದ್ದೇ."

ಟೈಲರಮ್ಮನ ಕಾಲು ನಿಂತಿತು. ಪ್ಲಗ್ ಕಿತ್ತು, ಚೌಕಟ್ಟು ಎತ್ತಿದರು. ಕೆಳಗಿನ ಚಾಪೆ ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಹೊಲಿಯಲು ಬಂದ ಬಟ್ಟೆಗಳು. "ನನ್ನ ಮಗು ಇಲ್ಲೇ ಮಲಗುತ್ತೆ" ಎಂದರು. ಅಷ್ಟೇ. ಹೀಟರನ್ನು ನನ್ನ ಕೈಗೆ ತುರುಕಿ ಬಾಗಿಲು ಹಾಕಿಕೊಂಡರು.

ಅದನ್ನು ಕಂಕುಳಲ್ಲಿ ಹಿಡಿದು ಮನೆಗೆ ಬಂದೆ. ಹೆಂಡತಿ ಗಾಯ ತೊಳೆಯುತ್ತಿದ್ದಳು. "ನನ್ನಿಂದ ಎಷ್ಟು ಕಷ್ಟ ನಿನಗೆ" ಎನ್ನುತ್ತಿದ್ದಳು.

"ನಿನ್ನಿಂದ ಅಲ್ಲ" ಎಂದೆ.

ಅತ್ತೆ ಬೇಡ ಎಂದು ತಲೆಯಾಡಿಸಿದರು. ನಿಲ್ಲಿಸಲಿಲ್ಲ. ಎಲ್ಲ ಹೇಳಿದೆ.

ಅವಳು ಕಿರುಚಲಿಲ್ಲ. ಬ್ಯಾಂಡೇಜ್ ಪೂರ್ತಿ ಸುತ್ತಿದಳು, ಗಂಟು ಹಾಕಿದಳು. ಆಮೇಲೆ ಕೇಳಿದಳು:

"ನಾನು ಅಮ್ಮನ ಮುಂದೆ ಕೂತು ಅತ್ನಲ್ಲ, ಆಗ ನೀವು ಇಲ್ಲೇ ಇದ್ರಿ ಅಲ್ವಾ?"

ಇದ್ದೆ. ಇಲ್ಲೇ, ಅವಳ ಬೆನ್ನ ಹಿಂದೆಯೇ. ಬ್ಯಾಂಡೇಜ್ ಹಿಡಿದುಕೊಂಡು. ಹಾಗೆಂದೇ ಅವಳಿಗೂ ಹೇಳಿದೆ.