ಅಮ್ಮನ ಚೊಂಬು

ಹಳೇಬೀಡು,
ಭಾನುವಾರ

ಪ್ರೀತಿಯ ಅಮ್ಮನಿಗೆ,

ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಪತ್ರ. ಅರಸೀಕೆರೆಯ ಅಂಗಡಿ ಕೆಲಸ ಬಿಟ್ಟು, ಪಾತ್ರೆಗಳ ಮೇಲೆ ಹೆಸರು ಕೆತ್ತುವ ಮಿಷನ್ ಹಿಡಿದು ಹೊರಟು ಇವತ್ತಿಗೆ ವರ್ಷವಾಯಿತು. ಬಸ್ಸಿನಲ್ಲಿ ಇಲ್ಲಿಗೆ ಒಂದು ಗಂಟೆಯ ದಾರಿ. ನನಗೆ ವರ್ಷ ಹಿಡಿಯಿತು. ಒಂದೊಂದು ಊರಿನಲ್ಲೂ ಹೆಸರುಗಳು ಮುಗಿಯುವವರೆಗೆ ಇದ್ದೆ. ಸಂಜೆ ಕೆರೆಯ ದಂಡೆಯಲ್ಲಿ ಕೂತರೆ ಅಂಗೈಯಲ್ಲಿ ಮಿಷನ್ ಇನ್ನೂ ದುಂಬಿಯಂತೆ ಗುಂಯ್‌ಗುಡುತ್ತದೆ, ಕೆತ್ತಿದ ಹೆಸರುಗಳೆಲ್ಲ ನೀರಿನ ಮೇಲೆ ಹೊಳೆದಂತಾಗುತ್ತದೆ.

ಹೆಂಗಸರು ಗಂಡನ ಹೆಸರೋ ಮಗನ ಹೆಸರೋ ಹಾಕಿಸುತ್ತಾರೆ. ಮಾದಿಹಳ್ಳಿಯ ಜಾನಕಮ್ಮ ಎಂಬ ಅಜ್ಜಿ ಮಾತ್ರ, "ನನ್ ಹೆಸ್ರೇ ಹಾಕವ್ವ, ಮನೇಲಿ ಒಂದ್ರ ಮೇಲೂ ಇಲ್ಲ" ಎಂದರು. ಆಗ ನಮ್ಮ ಮನೆಯ ಪಾತ್ರೆಗಳನ್ನೆಲ್ಲ ಮನಸ್ಸಿನಲ್ಲೇ ತಿರುಗಿಸಿ ನೋಡಿದೆ.

ಬೇಲೂರು ಮುಗಿಸಿ ಬರುತ್ತೇನೆ. ನೀನು ನೀರು ಕುಡಿಯುವ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿಡು. ಅಪ್ಪ ಕೇಳಿದರೆ, ಕೆಲಸದ ಮೇಲೆ ಬರುತ್ತಿದ್ದಾಳೆ ಅನ್ನು.

ನಿನ್ನ ಮಗಳು,
ಸಿರಿ