ಹಂಪಮ್ಮನ ಚಿತ್ರದ ಕೆಳಗಿನ ಅಂಚು

ಪರದೆಮನೆ, ಯಾದಗಿರಿ
೩೦ ಫೆಬ್ರುವರಿ ೨೧೧೯

ನೂರು ವರ್ಷ ಹಿಂದಿರುವ ಹಿರಿಯರಿಗೆ ಗುರುಲಿಂಗಮ್ಮನ ಶರಣು.

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನಮ್ಮ ಮನೆಗಳಲ್ಲಿ ಚಿತ್ರ ನೋಡುವ ಪರದೆಗಳಿಲ್ಲ. ಪ್ರತಿಯೊಬ್ಬರ ರೆಪ್ಪೆಯೊಳಗೆ ‘ನೋಟಪಟ್ಟಿ’ ಎಂಬ ತೆಳು ಹಾಳೆಯಿದೆ. ಅವರವರ ಚಿತ್ರ ಅವರವರಿಗೇ ಕಾಣುತ್ತದೆ. ನಾಲ್ವರು ಒಟ್ಟಿಗೆ ಕೂತರೂ ನಾಲ್ಕು ಬೇರೆ ಬೇರೆ ಗಳಿಗೆಯಲ್ಲಿ ನಗುತ್ತಾರೆ. ನಿಮ್ಮ ಕಾಲದ ಪರದೆಗಳು ಉಳಿದಿರುವುದು ಕೋಟೆಯ ಕೆಳಗಿನ ಈ ಕಟ್ಟಡದಲ್ಲಿ ಮಾತ್ರ. ಹನ್ನೊಂದು ವರ್ಷದಿಂದ ಅವನ್ನು ಒರೆಸಿ ಕಾಯುವವಳು ನಾನೊಬ್ಬಳೇ. ಮೊದಮೊದಲು ಎರಡು ಹದಿನೇಳು ಇಂಚಿನ ಪರದೆಗಳನ್ನು ಪಕ್ಕಪಕ್ಕ ಇಟ್ಟು, ಒಂದೇಕೆ ಗಿಡ್ಡವಾಗಿದೆ ಎಂದು ತಲೆ ಕೆಡಿಸಿಕೊಂಡಿದ್ದೆ. ಇಂಚನ್ನು ನೀವು ಮೂಲೆಯಿಂದ ಮೂಲೆಗೆ ಅಳೆಯುತ್ತಿದ್ದಿರಿ. ಒಂದರ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಇನ್ನೊಂದರ ಅಗಲ ಹದಿನಾರಾದರೆ ಎತ್ತರ ಒಂಬತ್ತೇ. ಇದನ್ನು ಕಂಡುಕೊಂಡ ದಿನ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಕಳೆದ ತಿಂಗಳು ಹಂಪಮ್ಮ ಎಂಬ ಎಂಬತ್ತೆರಡರ ಮುದುಕಿ ಗುರುಮಠಕಲ್ಲಿನಿಂದ ಒಬ್ಬರೇ ಬಂದರು. ಅವರ ಮದುವೆಯ ದಿನ ಸೋದರಮಾವ ಯಾವುದೋ ಹಳೆಯ ಕ್ಯಾಮೆರಾದಲ್ಲಿ ತೆಗೆದ ಒಂದು ನಿಮಿಷದ ಚಿತ್ರ ಅವರಲ್ಲಿತ್ತು. ತಾಯಿಗೆ ಆ ಮದುವೆ ಇಷ್ಟವಿರಲಿಲ್ಲವಂತೆ. ಚಿತ್ರದಲ್ಲಿ ಆಕೆ ಮಗಳ ಪಕ್ಕದಲ್ಲೇ ನಿಂತಿದ್ದರೂ ಮುಖ ನೋಡುವುದಿಲ್ಲ, ಕೆಳಗೇ ನೋಡುತ್ತಾಳೆ. ನೋಡಿದಾಗಲೆಲ್ಲ ಹಂಪಮ್ಮನ ಸಿಟ್ಟು ಹೊಸದಾಗುತ್ತಿತ್ತು. ತವರಿಗೆ ಹೋಗುವುದನ್ನೇ ಬಿಟ್ಟರು. ತಾಯಿ ತೀರಿಕೊಂಡಾಗಲೂ ಹೋಗಲಿಲ್ಲ. ಈಗ ಕಣ್ಣು ಮಂಜಾಗಿ ನೋಟಪಟ್ಟಿ ಹಿಡಿಸುತ್ತಿಲ್ಲ, ಒಮ್ಮೆ ದೊಡ್ಡದಾಗಿ ತೋರಿಸು ಎಂದು ಕೇಳಿಕೊಂಡರು.

ಚಿತ್ರ ಚಿಕ್ಕದು: ಸಾಲಿಗೆ ಆರುನೂರ ನಲವತ್ತು ಚುಕ್ಕಿ, ಅಂಥ ನಾನೂರ ಎಂಬತ್ತು ಸಾಲು. ಅಂದರೆ ನಾಲ್ಕಕ್ಕೆ ಮೂರು. ನೋಟಪಟ್ಟಿಯದು ಬಲು ಅಗಲದ ಚೌಕಟ್ಟು. ಅದನ್ನು ತುಂಬಿಸಲು ಮೇಲಿನ, ಕೆಳಗಿನ ಸಾಲುಗಳನ್ನು ಕತ್ತರಿಸಿಬಿಡುತ್ತದೆ. ನಾನು ಆ ಅಳತೆಗೆ ಒಪ್ಪುವ ಹಳೆಯ ಪರದೆಯನ್ನೇ ಹಚ್ಚಿದೆ. ಕೆಳಗಿನ ಅಂಚು ಮೊದಲ ಸಲ ಕಂಡಿತು. ತಾಯಿಯ ಕೈಯಲ್ಲಿ ಮಗಳ ಸೆರಗಿನ ತುದಿಯಿತ್ತು. ಬೆರಳಿಗೆ ಸುತ್ತಿಕೊಂಡು ಅದನ್ನೇ ನೋಡುತ್ತಿದ್ದಳು.

ಹಂಪಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿದರು. “ಸೆರಗು ಹಿಡಕೊಂಡಾಳ ನೋಡವ್ವ. ನನಗ ಗೊತ್ತೇ ಆಗಿಲ್ಲ,” ಎಂದರು. ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೂ ಒಮ್ಮೆ. ಸಂಜೆಯವರೆಗೆ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ನೋಡಿದೆವು. ಹೊರಡುವಾಗ, ಮತ್ತೆ ಬನ್ನಿ ಎಂದೆ. “ಇನ್ನ ಬರೂದು ಆಗಂಗಿಲ್ಲವ್ವ,” ಎಂದು ನನ್ನ ಕೈ ಒತ್ತಿ ಹೋದರು. ಆ ಬೆಂಚಿನಲ್ಲಿ ನಾನು ಈಗಲೂ ಒಂದು ತುದಿಗೆ ಸರಿದೇ ಕೂರುತ್ತೇನೆ.

ಆಮೇಲೆ ಇಲ್ಲಿನ ಚಿತ್ರಗಳನ್ನೆಲ್ಲ ಅವುಗಳ ನಿಜವಾದ ಅಳತೆಯಲ್ಲಿ ನೋಡತೊಡಗಿದ್ದೇನೆ. ಅಂಚಿನಲ್ಲಿ ಎಷ್ಟೊಂದು ಜನ! ತಟ್ಟೆ ಹಿಡಿದವರು, ಮಗುವನ್ನು ಸೊಂಟಕ್ಕೇರಿಸಿಕೊಂಡವರು, ಯಾರೋ ಕರೆದರೆಂದು ತಿರುಗಿದವರು. ಒಬ್ಬರ ಹೆಸರೂ ಗೊತ್ತಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಚಿತ್ರದ ಜೊತೆ ಅದರ ಅಗಲ, ಎತ್ತರ ಬರೆದಿಡಿ. ಚೌಕಟ್ಟು ತುಂಬಿಸುವ ಆಸೆಗೆ ಕತ್ತರಿಸಬೇಡಿ. ಚಿತ್ರ ತೆಗೆಯುವಾಗ ಅಂಚಿನಲ್ಲಿ ನಿಂತವರ ಹೆಸರನ್ನು ಒಮ್ಮೆ ಜೋರಾಗಿ ಹೇಳಿ. ಬೆಳಗಾಗಿ ಈ ಬಾಗಿಲು ತೆರೆದಾಗ ನನಗೆ ಕರೆಯಲು ಒಂದಾದರೂ ಹೆಸರು ಬೇಕು.